ಎಲ್ಡನ್ ಎಳೆದ ಗೆರೆ

ಎಲ್ಡನ್‌ಗೆ ಸಾಕುಸಾಕಾಗಿತ್ತು. ಚರ್ಚಿನ ವಾರ್ಷಿಕ ಮೀನೂಟಕ್ಕೆ ಹನ್ನೆರಡು ವರ್ಷದಿಂದ ಮೀನು ಕರಿಯುವವನು ಅವನೇ. ಬಾಣಲೆ ಇಡುವುದು ಹೊರಗೆ, ಕಾರು ನಿಲ್ಲಿಸುವ ಬಯಲಿನಲ್ಲಿ. ವಿಸ್ಕಾನ್ಸಿನ್ನಿನ ಫೆಬ್ರವರಿ, ಎದೆಗೆ ಎಣ್ಣೆಯ ಕಾವು, ಬೆನ್ನಿಗೆ ಹಿಮಗಾಳಿ. ಇಷ್ಟಾಗಿಯೂ ಒಂದು ವರ್ಷ ಮೀನು ಉಳಿದರೆ ಇನ್ನೊಂದು ವರ್ಷ ಸಾಲುತ್ತಿರಲಿಲ್ಲ, ಎರಡಕ್ಕೂ ಬೈಗುಳ ಅವನಿಗೇ.

ಆ ಶುಕ್ರವಾರ ಬೆಳಿಗ್ಗೆ ಚರ್ಚಿನ ಅಡುಗೆಮನೆಯಲ್ಲಿ ಅವನು ಫಾದರ್ ಕುಹಾರ್ ಮುಂದೆ ಹಾಳೆಯೊಂದನ್ನು ಹರಡಿದ. ಅಡ್ಡಕ್ಕೆ ಆಯಾ ವರ್ಷದ ಚಳಿ, ಉದ್ದಕ್ಕೆ ಬಂದ ಜನ. ಹನ್ನೆರಡು ಚುಕ್ಕೆ, ಅವುಗಳ ನಡುವೆ ಒಂದು ನೇರ ಗೆರೆ.

“ಚಳಿ ಹೆಚ್ಚಿದಷ್ಟೂ ಜನ ಕಮ್ಮಿ ಫಾದರ್. ಇವತ್ತಿನಂಥ ಚಳಿ ಯಾವತ್ತೂ ಇರ್ಲಿಲ್ಲ. ಗೆರೆ ಪ್ರಕಾರ ತೊಂಬತ್ತು ಜನ. ಲೆಕ್ಕ ಸರಿಹೋದ್ರೆ ನನ್ನನ್ನ ಬಾಣಲೆಯಿಂದ ಬಿಡಿಸ್ತೀರಾ?”

ಫಾದರ್ ಒಪ್ಪಿದರು. ತೊಂಬತ್ತು ಜನರ ಮೀನಷ್ಟೇ ಮಂಜಿನ ಪೆಟ್ಟಿಗೆಯಿಂದ ಹೊರಬಂತು.

ಗ್ರಹಚಾರಕ್ಕೆ ಪಕ್ಕದಲ್ಲೇ ಬರ್ನಡೀನ್ ಎಲೆಕೋಸು ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟು ತಂಗಿಗೆ ಫೋನು ಹಚ್ಚಿದಳು. “ಲೇ, ಇವತ್ತು ತೊಂಬತ್ತೇ ಜನವಂತೆ, ಎಲ್ಡನ್ ಲೆಕ್ಕ ಹಾಕಿದಾನೆ. ಕ್ಯೂನೇ ಇರಲ್ಲ, ಬಾರೇ!”

ಮಧ್ಯಾಹ್ನ ಪಕ್ಕದ ಮನೆಯ ರಾಯ್ಸ್ ಬೇಲಿಯಾಚೆಯಿಂದಲೇ ಕೂಗಿದ. “ಏನಯ್ಯಾ, ಇವತ್ತು ಜನ ಇಲ್ವಂತೆ? ಪಾಪ, ನಾವು ಆರು ಜನ ಬರ್ತೀವಿ ಬಿಡು.”

“ಬೇಡಪ್ಪಾ, ಚಳಿ!”

“ನಿನಗಿಲ್ಲದ ಚಳಿ ನಮಗೇನೋ?”

ಸಂಜೆ ಐದಕ್ಕೆ ಕಾರುಗಳ ಸಾಲು ಹೆದ್ದಾರಿ ಮುಟ್ಟಿತ್ತು. ಕ್ಯೂ ಇರುವುದಿಲ್ಲವೆಂದು ಬಂದವರೆಲ್ಲ ಕ್ಯೂನಲ್ಲಿ ನಿಂತು ಎಲ್ಡನ್‌ನನ್ನು ಶಪಿಸುತ್ತಿದ್ದರು. ಆರಕ್ಕೆ ಮೀನು ಮುಗಿಯಿತು. ಆಮೇಲೆ ಅವನು ಆಲೂಗಡ್ಡೆ ಕರಿದ, ಈರುಳ್ಳಿ ಕರಿದ, ಚೀಸ್ ಕರಿದ. ಕೊನೆಗೆ ಬರ್ನಡೀನ್ ತಂದುಕೊಟ್ಟದ್ದನ್ನೆಲ್ಲ ಏನೆಂದು ನೋಡದೆ ಕರಿದ. ಮೀಸೆಯ ಮೇಲೆ ಹಿಮ ಕಟ್ಟಿತ್ತು. ಅಳು ಬಂದರೂ ಅಳುವಷ್ಟು ತ್ರಾಣವಿರಲಿಲ್ಲ.

ಎಲ್ಲರೂ ಹೋದ ಮೇಲೆ ಫಾದರ್ ಹಿಗ್ಗುತ್ತ ಬಂದರು. “ಮುನ್ನೂರ ನಲವತ್ತು ಜನ, ಎಲ್ಡನ್! ಈ ಚರ್ಚು ಇಷ್ಟು ಜನ ಕಂಡೇ ಇಲ್ಲ.”

“ನನ್ನ ಲೆಕ್ಕ ತಪ್ಪಿತು ಫಾದರ್.”

“ತಪ್ಪಿತು. ಬಾಣಲೆ ನಿಂದೇ.” ಫಾದರ್ ಹಾಳೆಯ ಮೇಲೆ ಹದಿಮೂರನೆಯ ಚುಕ್ಕೆಯನ್ನು ತಾವೇ ಇಟ್ಟರು. “ಎಲ್ಲಿ, ಈಗ ಗೆರೆ ಎಳಿ ನೋಡೋಣ.”

ಎಲ್ಡನ್ ಪ್ರಾಮಾಣಿಕ. ಮರಗಟ್ಟಿದ ಬೆರಳಲ್ಲೇ ಗುಣಿಸಿ ಭಾಗಿಸಿ ಎಳೆದ. ಎಲ್ಲಕ್ಕಿಂತ ಚಳಿಯ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ ಕೂತ ಆ ಒಂದೇ ಚುಕ್ಕೆ ಇಡೀ ಗೆರೆಯನ್ನು ತನ್ನ ಕಡೆಗೆ ಎತ್ತಿಬಿಟ್ಟಿತ್ತು.

“ಅಂದ್ರೆ, ಚಳಿ ಹೆಚ್ಚಿದಷ್ಟೂ ಜನ ಹೆಚ್ಚು?”

“ಹಾಗಲ್ಲ ಫಾದರ್, ಅದು...”

“ಗೆರೆ ಎಳೆದೋನು ನೀನೇ ತಾನೇ?” ಫಾದರ್ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿದರು. “ನಮ್ಮೂರಲ್ಲಿ ಚಳಿ ವಿಪರೀತ ಅಂದ್ರೆ ಜನವರಿ ನಡುವಿನಲ್ಲಿ, ಅಲ್ವಾ? ಮುಂದಿನ ವರ್ಷ ಊಟ ಆವಾಗ್ಲೇ ಇಟ್ಕೊಳ್ಳೋಣ.”