ಬಾಗಿಲ ಪಕ್ಕದ ಕೋಸು

ಹೆಂಡತಿ ತವರಿಗೆ ಹೋಗುವಾಗ ಬಾಗಿಲ ಪಕ್ಕದ ಕುಂಡದಲ್ಲಿ ಒಂದು ಎಲೆಕೋಸನ್ನು ಬಿಟ್ಟುಹೋದಳು. ಬನ್ನಣ್ಣನ ಕಷ್ಟ ಶುರುವಾದದ್ದು ಅಲ್ಲಿಂದಲೇ. ಅವನು ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುವವನು, ಅದಕ್ಕೇ ಆ ಹೆಸರು. ನಿದ್ದೆ ಏನಿದ್ದರೂ ಹಗಲಿಗೆ. ನಿನ್ನೆ ರಾತ್ರಿ ಒಲೆ ಮುಂದೆ ತೂಕಡಿಸಿ ಒಂದು ಟ್ರೇ ಬನ್ನನ್ನು ಇದ್ದಿಲು ಮಾಡಿದ್ದ.

"ಇನ್ನೊಂದ್ಸಲ ಇಲ್ಲಿ ಕಣ್ಣು ಮುಚ್ಚಿದ್ರೆ, ಆಮೇಲೆ ಮನೇಲೇ ಮುಚ್ಕೊಂಡಿರು" ಎಂದಿದ್ದರು ಮಾಲೀಕರು.

ಹಾಗಾಗಿ ಇವತ್ತು ನಿದ್ದೆ ಮಾಡಲೇಬೇಕಿತ್ತು. ಚಾಪೆಯ ಮೇಲೆ ಹಿಟ್ಟಿನ ಮೂಟೆಯಂತೆ ಬಿದ್ದ. ಕರೆಗಂಟೆ ಬಡಿಯಿತು.

ಎದುರುಮನೆ ಟೈಲರಮ್ಮ. "ಬನ್ನಣ್ಣಾ, ನಿಮ್ಮ ಕೋಸಿಗೆ ಹುಳ ಹತ್ತಿದೆ!"

"ತಿನ್ಲಿ ಬಿಡ್ರಮ್ಮ. ಅದಕ್ಕೂ ಹೊಟ್ಟೆ ಇದೆಯಲ್ಲ."

"ನಾಳೆ ನಿಮ್ಮ ಹೆಂಡ್ತಿ ಕೇಳಿದ್ರೆ ನಾನೇನ್ ಹೇಳ್ಲಿ?"

ಎಲೆಯದೇ ಬಣ್ಣದ ಹುಳ. ಹುಡುಕಿ ಹುಡುಕಿ ಕಣ್ಣು ಉರಿಯಿತು. ಕೊನೆಗೆ ಸಿಕ್ಕಿದ್ದು ಒಂದೇ. ಅದನ್ನು ವರಾಂಡದ ಕಂಬಿಯಾಚೆ ಕೆಳಗೆಸೆದು ಬಂದು ಮಲಗಿದ. ಮತ್ತೆ ಗಂಟೆ. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು.

"ಏನಪ್ಪಾ, ಹುಳಾನ ಜೀವಂತ ಎಸೆದ್ಯಂತೆ. ವಾಪಸ್ ಬರಲ್ವಾ ಅದು?"

"ಇದು ಮೂರನೇ ಮಹಡಿ, ಮೇಷ್ಟ್ರೇ."

"ಅದಕ್ಕೇನು ಆಫೀಸಿದೆಯಾ? ನಿಧಾನಕ್ಕೆ ಬರತ್ತೆ."

ಮೂರನೇ ಸಲ ಬಾಗಿಲು ತೆರೆದಾಗ ಕೆಳಮನೆಯ ಅಜ್ಜಿಯೂ ಸೇರಿ ಮೂವರೂ ನಿಂತಿದ್ದರು. ಕೋಸು ನೆತ್ತಿಯಲ್ಲಿ ಬಿರಿದಿತ್ತು.

"ನೀರು ಜಾಸ್ತಿಯಾದ್ರೆ ಹೀಗೇ" ಎಂದರು ಅಜ್ಜಿ. "ಯಾರು ಹಾಕಿದ್ದು?"

"ನಾನು ಒಂದೇ ಚೊಂಬು" ಎಂದಳು ಟೈಲರಮ್ಮ.

"ನಾನೂ ಒಂದೇ" ಎಂದರು ಮೇಷ್ಟ್ರು. "ಅಜ್ಜೀ, ನೀವು?"

"ನಂದು ಬಕೆಟ್ಟು. ಆದ್ರೆ ಸಣ್ಣದು."

ಜಗಳ ಶುರುವಾಯಿತು. ಬನ್ನಣ್ಣ ಒಳಗೆ ಹೋಗಿ ಬ್ರೆಡ್ ಕೊಯ್ಯುವ ಚಾಕು ತಂದ. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಕೋಸನ್ನು ಕೊಯ್ದು ಅಜ್ಜಿಯ ಕೈಗಿಟ್ಟ.

"ಹಂಚ್ಕೊಂಡು ತಿನ್ನಿ. ಕೋಸೇ ಇಲ್ಲ ಅಂದ್ಮೇಲೆ ಗಂಟೆನೂ ಇಲ್ಲ. ನನ್ನ ಬಿಟ್ಬಿಡಿ."

ಹೆಂಡತಿಗೆ ಏನು ಹೇಳುವುದೆಂಬುದನ್ನು ನಿದ್ದೆಯಲ್ಲೇ ಯೋಚಿಸೋಣವೆಂದು ಮಲಗಿದ. ರೆಪ್ಪೆಗಳು ಅಂಟಿದವು. ಅಷ್ಟರಲ್ಲಿ ಗಂಟೆ.

ಮೇಷ್ಟ್ರ ಕೈಯಲ್ಲಿ ಪೆನ್ಸಿಲ್ ಕೆತ್ತುವ ಬ್ಲೇಡಿತ್ತು. ಮುಖ ಅರಳಿತ್ತು.

"ನೀನು ಬೇಜಾರಲ್ಲಿ ಕೊಯ್ದುಬಿಟ್ಟೆ, ನಮ್ಗೂ ಮನಸ್ಸು ತಡೀಲಿಲ್ಲ ಕಣಪ್ಪಾ. ಉಳಿದ ದಂಟಿನ ತಲೆ ಮೇಲೆ ಅಡ್ಡಡ್ಡ ಉದ್ದುದ್ದ ಗೀರಿದೀನಿ. ಹಾಗೆ ಗೀರಿದ್ರೆ ಮತ್ತೆ ಚಿಗುರತ್ತೆ. ಇನ್ಮೇಲೆ ಒಂದರ ಜಾಗದಲ್ಲಿ ನಾಲ್ಕು ಕೋಸು!"

"ನಮಗೆಲ್ಲ ಒಂದೊಂದು" ಎಂದಳು ಅವರ ಹಿಂದೆ ನಿಂತಿದ್ದ ಟೈಲರಮ್ಮ. "ಅದಕ್ಕೇ ದಿನಾ ಎಲ್ರೂ ಬಂದು ನೋಡ್ತೀವಿ. ಏನಿದ್ರೂ ಗಂಟೆ ಒತ್ತಿ ಹೇಳ್ತೀವಿ, ನೀವು ಬಾಗಿಲು ತೆಗೆದ್ರೆ ಸಾಕು."

ಬನ್ನಣ್ಣ ಗಡಿಯಾರ ನೋಡಿದ. ಬೇಕರಿಗೆ ಹೊರಡುವ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿ ಬೀಗ ಹಾಕುತ್ತಿರುವಾಗ ಕೆಳಗಿನಿಂದ ಅಜ್ಜಿಯ ದನಿ ಕೇಳಿತು.

"ಬನ್ನಣ್ಣಾ, ನೋಡ್ಕೊಂಡು ಇಳಿಯಪ್ಪಾ. ನಿನ್ನ ಹುಳ ಹತ್ತಿ ಬರ್ತಾ ಇದೆ."