ಕೊಟ್ಟಿಗೆ ಗೋಡೆಯ ಬ್ಯಾಸ್ಕೆಟ್‌ಬಾಲ್

ಯುಗಾದಿಯ ಮಾರನೆಯ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ನಮ್ಮ ಕಡೆ ಇದೆ. ನಾನು ವಿಜ್ಞಾನ ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಆ ದಿನ ಬೇಗ ಏಳುತ್ತೇನೆ, ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೇನೆ, ಯಾವ ಆಟದಲ್ಲೂ ಸೋಲದಂತೆ ನೋಡಿಕೊಳ್ಳುತ್ತೇನೆ. ಈ ಮೂರರಲ್ಲಿ ಮೊದಲಿನವೆರಡು ವರ್ಷವೆಲ್ಲ ನಡೆದುಬಿಟ್ಟರೆ ಕಷ್ಟ. ಮೂರನೆಯದು ಮಾತ್ರ ನಡೆಯಲಿ ಎಂದು ದೇವರಲ್ಲಿ ಗುಟ್ಟಾಗಿ ಕೇಳಿಕೊಳ್ಳುತ್ತೇನೆ.

ಆ ದಿನಕ್ಕೆ ಹೊಸತೊಡಕು ಎಂದು ಹೆಸರು. ನಮ್ಮ ಚಿನಕುರಳಿಯಲ್ಲಿ ಹೊಸತೊಡಕು ಎಂದರೆ ಮಟನ್ನು ಮತ್ತು ಇಸ್ಪೀಟು. ಈ ಸಲ ನನ್ನ ಹೆಂಡತಿ ಭಾಗ್ಯ ಮಟನ್ನನ್ನು ಉಳಿಸಿಕೊಂಡು ಇಸ್ಪೀಟನ್ನು ಒಲೆಗೆ ಹಾಕಿದಳು. ಸಿಂಧಘಟ್ಟದಿಂದ ಹಬ್ಬಕ್ಕೆ ಬಂದಿದ್ದ ಅವಳ ತಮ್ಮ ಸಿದ್ದೇಗೌಡನ ಮುಖ ಸಪ್ಪಗಾಯಿತು. "ಬಾವ, ಇವತ್ ಆಡ್ನಿಲ್ಲ ಅಂದ್ರೆ ವರ್ಸೆಲ್ಲ ಆಟ್ವೇ ಇಲ್ಲ. ಏನಾರ ಒಂದ್ ಆಡನ ಬನ್ನಿ" ಎಂದ. ನನಗೆ ಬ್ಯಾಸ್ಕೆಟ್‌ಬಾಲ್ ನೆನಪಾಯಿತು. ಮೈಸೂರಿನ ಕಾಲೇಜಿನಲ್ಲಿ ನಾನು ಆ ತಂಡದಲ್ಲಿದ್ದೆ ಎಂದು ಮನೆಯವರಿಗೆಲ್ಲ ಗೊತ್ತು. ಆಟದ ಅಂಕಣದ ಅಂಚಿನ ಬೆಂಚಿನ ಮೇಲೆ ಕೂತು ಉಳಿದವರ ವಾಚು, ಚಪ್ಪಲಿ ಕಾಯುತ್ತಿದ್ದೆ ಎಂಬುದು ಗೊತ್ತಿಲ್ಲ. ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.

ಆಟ ಹುಟ್ಟಿದ ಕಥೆಯನ್ನು ಫೋನಿನಲ್ಲಿ ನೋಡಿಕೊಂಡು ಸಿದ್ದನಿಗೆ ಗಂಭೀರವಾಗಿ ವಿವರಿಸಿದೆ. ಅಮೆರಿಕದಲ್ಲಿ ಒಬ್ಬರು ವ್ಯಾಯಾಮದ ಮೇಷ್ಟ್ರು. ಹೊರಗೆ ಹಿಮ, ಒಳಗೆ ಸುಮ್ಮನೆ ಕೂರದ ಹುಡುಗರು. ಕಟ್ಟಡ ನೋಡಿಕೊಳ್ಳುವವನನ್ನು ಎರಡು ಪೆಟ್ಟಿಗೆ ಕೇಳಿದರೆ ಅವನು ಹಣ್ಣಿನ ಬುಟ್ಟಿ ತಂದುಕೊಟ್ಟ. ಅವನ್ನೇ ಮೇಲಿನ ಮೊಗಸಾಲೆಗೆ ಮೊಳೆ ಹೊಡೆದು ಕೂರಿಸಿ, ಹದಿಮೂರು ನಿಯಮ ಬರೆದು, ಆಡಿ ಎಂದರಂತೆ. ಚೆಂಡು ಹಿಡಿದವನು ಓಡಬಾರದು, ಎದುರಾಳಿಯನ್ನು ತಳ್ಳಬಾರದು, ಹಿಡಿಯಬಾರದು. "ನಾವೂ ಮೂಲ ನಿಯಮದಂತೆಯೇ ಆಡೋಣ" ಎಂದೆ. ಆಮೇಲೆ ಬಂದ ನಿಯಮಗಳೆಲ್ಲ ನನ್ನ ಜೇಬಿನ ಫೋನಿನಲ್ಲಿದ್ದವು. ಬೇಕಾದಾಗ ತೆಗೆಯಬಹುದಲ್ಲ.

ಹಿತ್ತಿಲ ಕಣ ಖಾಲಿ ಬಿದ್ದಿತ್ತು. ಈಗ ರಾಗಿ ಒಕ್ಕಣೆಯನ್ನೆಲ್ಲ ಟಾರು ರಸ್ತೆಯ ಮೇಲೆ ಸಾರಿಗೆ ಬಸ್ಸುಗಳೇ ಪುಕ್ಕಟೆ ಮಾಡಿಕೊಡುವುದರಿಂದ ಕಣಕ್ಕೆ ಬೇರೆ ಕೆಲಸವಿಲ್ಲ. ಕೊಟ್ಟಿಗೆಯ ಗೋಡೆಗೆ, ಏಣಿ ಹತ್ತಿ, ಇನ್ನೂ ಸಗಣಿ ಕಾಣದ ಹೊಸ ಮಂಕರಿ ಬುಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿದೆ. ಪಕ್ಕದ ಮನೆಯ ಹುಡುಗರಿಂದ ರಬ್ಬರು ಚೆಂಡು ಕಡ ತಂದೆ. ಅಡುಗೆಮನೆಯವರು ಊಟಕ್ಕೆ ಕರೆಯುವವರೆಗೆ ಆಟ, ಆಗ ಯಾರು ಮುಂದೋ ಅವರಿಗೆ ವರ್ಷವೆಲ್ಲ ಗೆಲುವು ಎಂದು ಮಾತಾಯಿತು.

ಮೊದಲ ಚೆಂಡು ನಾನೇ ಹಾಕಿದೆ. ಮಂಕರಿಗೆ ತಳವಿದ್ದುದರಿಂದ ಅದು ಅಲ್ಲೇ ಕೂತಿತು. ಏಣಿ ಹತ್ತಿ ತೆಗೆದೆ. ಸಿದ್ದ ಹಾಕಿದ, ಮತ್ತೆ ಹತ್ತಿದೆ. ಅಮೆರಿಕದವರೂ ಹೀಗೇ ಏಣಿ ಹತ್ತಿ ಇಳಿದು ಕೆಲವು ವರ್ಷ ಕಳೆದರಂತೆ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ ಭಾಗ್ಯ, "ಅದ್ರ ತಳ ಕಿತ್ತಾಕಕ್ಕೆ ಏನ್ರೀ ದಾಡಿ?" ಎಂದು ಕುಡುಗೋಲು ಎಸೆದು ಒಳಗೆ ಹೋದಳು. ತಳ ಕೊಯ್ಯುತ್ತ, ಅಷ್ಟು ಓದಿದ ದೇಶದಲ್ಲಿ ಹೀಗೊಬ್ಬಳು ಹೆಂಗಸು ಇರಲಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು.

ಚೆಂಡು ಹಿಡಿದು ಓಡುವಂತಿಲ್ಲ, ಜೊತೆಗಾರನಿಗೆ ಕೊಡಬೇಕು. ಒಬ್ಬರಿಗೊಬ್ಬರ ಆಟದಲ್ಲಿ ಜೊತೆಗಾರನೆಲ್ಲಿ? ಸಿದ್ದ ಚೆಂಡನ್ನು ನೆಲಕ್ಕೆ ಕುಕ್ಕುತ್ತ ನಡೆದೇಬಿಟ್ಟ. ಕೇಳಿದರೆ "ನೆಲುಕ್ಕೇ ಕೊಡ್ತಾವ್ನಿ ಬಾವ, ಅದೇ ವಾಪಸ್ ಕೊಡ್ತದೆ" ಎಂದ. ಫೋನು ನೋಡಿದೆ. ಅಲ್ಲಿನವರೂ ಇದೇ ಕಿತಾಪತಿ ಮಾಡಿ, ಕೊನೆಗೆ ಅದೇ ಆಟದ ಸೊಬಗಾಯಿತಂತೆ. ಒಪ್ಪಿಕೊಂಡೆ. ಆಮೇಲೆ ಆರಡಿಯ ಆ ಆಸಾಮಿ ಮಂಕರಿಯ ಕೆಳಗೇ ಬೇರು ಬಿಟ್ಟು ನಿಂತ. ಆಗ ನಾನು ಜೇಬಿನಿಂದ ಮೂರು ಸೆಕೆಂಡಿನ ನಿಯಮ ತೆಗೆದೆ. ಬುಟ್ಟಿಯ ಬುಡದಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. "ಇದ್ನ ಮೊದ್ಲೇ ಏಳ್ಬೇಕಲ್ವಾ?" ಎಂದು ಗೊಣಗಿದ. ಮೊದಲು ಅವನು ಅಲ್ಲಿ ನಿಂತಿರಲಿಲ್ಲವಲ್ಲ.

ಕೊಟ್ಟಿಗೆಯ ತಾರಸಿಯ ಮೇಲೆ ನಮ್ಮ ದೊಡ್ಡಪ್ಪ ಎಳನೀರು ಕೀಳುವ ದೋಟಿ ಹಿಡಿದು ಕೂತಿದ್ದರು. ಸೊಸೆಯ ತವರಿನವರು ನಮ್ಮ ಕಣದಲ್ಲಿ ಗೆಲ್ಲುವುದನ್ನು ಅವರ ವಯಸ್ಸು ಸಹಿಸದು. ಸಿದ್ದನ ಚೆಂಡು ಬಂದಾಗಲೆಲ್ಲ ದೋಟಿಯಿಂದ ಆಚೆ ತಳ್ಳುತ್ತಿದ್ದರು. ಅಮೆರಿಕದಲ್ಲೂ ಮೇಲೆ ಕೂತ ಪ್ರೇಕ್ಷಕರು ಹೀಗೆ ಕೈಹಾಕಿದ್ದರಿಂದಲೇ ಬುಟ್ಟಿಯ ಹಿಂದೆ ಹಲಗೆ ಬಂತು ಎಂದು ನಾನು ಓದಿದ್ದೆ. ಆದರೆ ಹಿರಿಯರನ್ನು ತಡೆಯುವುದು ನಮ್ಮ ಸಂಸ್ಕಾರವಲ್ಲ ಎಂದು ಸುಮ್ಮನಿದ್ದೆ. ದೊಡ್ಡಪ್ಪನಿಗೆ ಕಣ್ಣಿನ ಪೊರೆ ಇರುವುದು ಮರೆತಿತ್ತು. ನನ್ನದೊಂದು ಒಳ್ಳೆಯ ಚೆಂಡನ್ನೂ ಅವರು ಬೇಲಿಯಾಚೆ ದಾಟಿಸಿದಾಗ ಸಂಸ್ಕಾರ ಬದಿಗಿಟ್ಟು ಹಳೇ ಬಾಗಿಲ ಹಲಗೆ ತಂದು ಮಂಕರಿಯ ಹಿಂದೆ ಹೊಡೆದೆ. "ಯಾಕ್ಲಾ, ನಂಗೇ ಗೋಡೆ ಕಟ್ತೀಯಾ?" ಎಂದು ದೊಡ್ಡಪ್ಪ ಮುನಿಸಿಕೊಂಡು ಇಳಿದುಹೋದರು.

ಒಳಗೆ ಮಸಾಲೆ ಘಮ್ಮೆನ್ನತೊಡಗಿದಾಗ ನಾನು ಒಂದು ಚೆಂಡು ಮುಂದಿದ್ದೆ. ಚೆಂಡು ನನ್ನ ಕೈಯಲ್ಲಿತ್ತು. ಹಾಗೇ ತಬ್ಬಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟೆ. ಓಡಬಾರದು, ತಳ್ಳಬಾರದು, ಹಿಡಿಯಬಾರದು ಎಂದಿದೆಯೇ ಹೊರತು ಕೂರಬಾರದು ಎಂದು ಎಲ್ಲಿದೆ? ವರ್ಷವೆಲ್ಲ ಗೆಲ್ಲುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಸಿದ್ದ ಸುತ್ತಮುತ್ತ ಸುಳಿದು ಬೇಸತ್ತು ಕೇಳಿದ: "ಬಾವ, ಆಫೀಸಲ್ಲೂ ಫೈಲ್ನ ಇಂಗೇ ತಬ್ಕಂಡ್ ಕೂರ್ತೀರಾ?"

ಈ ಮಾತು ಭಾಗ್ಯಳ ಕಿವಿಗೆ ಬಿತ್ತು. ಸೌಟು ಹಿಡಿದೇ ಹೊರಗೆ ಬಂದಳು. "ನೋಡಿ, ಕುಕ್ಕರು ಸೀಟಿ ಒಡಿಯೋದ್ರೊಳಗೆ ಎಸೀಬೇಕು. ಇಲ್ಲಾಂದ್ರೆ ಬಾಲು ಅವನ್ದು" ಎಂದಳು. ಅಂಥ ನಿಯಮವೇ ಇಲ್ಲವೆಂದು ತೋರಿಸಲು ಫೋನು ತೆಗೆದೆ. ಇತ್ತು. ಗೆಲ್ಲುತ್ತಿದ್ದ ತಂಡ ಚೆಂಡು ಹಿಡಿದು ಕಾಲ ತಳ್ಳಿ, ದುಡ್ಡು ಕೊಟ್ಟು ನೋಡಲು ಬಂದವರು ಬೈದುಕೊಂಡು ಹೋಗುವಂತಾದ ಮೇಲೆ, ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕು ಎಂದು ಗಡಿಯಾರ ಇಟ್ಟರಂತೆ. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ಕುಕ್ಕರು ಕೂಗಿತು. ಚೆಂಡು ಸಿದ್ದನದಾಯಿತು, ಅವನು ಹಾಕಿಯೂಬಿಟ್ಟ, ಅಂಕ ಸಮವಾಯಿತು. ಮುಂದಿನ ಸೀಟಿಗೆ ಹೆದರಿ ನಾನು ಗಡಿಬಿಡಿಯಲ್ಲಿ ಎಸೆದೆ. ಅದು ನಾನೇ ಹೊಡೆದ ಹಲಗೆಗೆ ಬಡಿದು ನೇರ ಸಿದ್ದನ ಕೈಗೆ ಹೋಯಿತು. ಅವನು ಅದನ್ನು ಮಂಕರಿಗೆ ಇಳಿಸಿದ. ಒಳಗಿನಿಂದ ಊಟಕ್ಕೆ ಕರೆ ಬಂತು.

ಮಜ್ಜೆ ತುಂಬಿದ ನಲ್ಲಿಮೂಳೆಯೆಲ್ಲ ಸಿದ್ದನ ಎಲೆಗೇ ಹೋಯಿತು. ನಾನು ಮುದ್ದೆಯನ್ನು ಎಲೆಯ ಮೇಲೆ ಉರುಳಿಸುತ್ತ ಕೂತೆ. ಇನ್ನು ವರ್ಷವೆಲ್ಲ ಇದೇ ಗತಿಯಾಯಿತಲ್ಲ ಎಂದೆ. ಭಾಗ್ಯ ಸಾರು ಬಡಿಸುತ್ತ ಸಮಾಧಾನ ಹೇಳಿದಳು: "ಅದ್ಕ್ಯಾಕ್ ಅಂಗ್ ಕೊರಗ್ತೀರಿ? ಓದ್ ವರ್ಸ ಇಸ್ಪೀಟಲ್ಲಿ ನೀವೇ ಗೆದ್ದಿದ್ರಲ್ಲ. ವರ್ಸೆಲ್ಲ ಏನ್ ಗೆದ್ರಿ, ಏಳಿ ನೋಡನ."

ಉತ್ತರ ಹುಡುಕುತ್ತಲೇ ಇದ್ದೇನೆ. ಅವಳ ನಿಯಮದ ಪ್ರಕಾರ ಸೀಟಿ ಹೊಡೆದು ಬಹಳ ಹೊತ್ತಾಯಿತು.