ಮಹಡಿ ಮೇಲಿನ ವಿಕಿರಣ

ಶಶಿಕಾಂತನ ತಪ್ಪೇನೂ ದೊಡ್ಡದಲ್ಲ. ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ, ಅಷ್ಟೇ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಅದೂ ನಳದ ನೀರು ಬಂದ ಬೆಳಗ್ಗೆ, ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಮನೆಯೊಡತಿ ಎಲ್ಲಮ್ಮ ಕೊಡ ತುಂಬಿಸುತ್ತಾ ಕೇಳಿದಳು: "ಆಸ್ಪತ್ರ್ಯಾಗ ನೀ ಕಲಿಯೋದರ ಏನಪಾ?"

ಇಷ್ಟು ದಿನ "ಸ್ಕ್ಯಾನ್ ರೀ" ಅಂದು ಪಾರಾಗುತ್ತಿದ್ದ. ಆದರೆ ಮರುದಿನ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್ ಕೋರ್ಸಿನ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಓದಿದ್ದೆಲ್ಲ ನಾಲಿಗೆ ತುದಿಯಲ್ಲೇ ಕೂತಿತ್ತು.

"ವಿಕಿರಣ ಇರೋ ಔಷಧ ಸೂಜೀಲೆ ಕೊಡ್ತೀವ್ರಿ ಅಕ್ಕಾರ. ಅದು ಮೈಯಾಗ ಹೋಗಿ ಕುಂತು ಕಿರಣ ಬಿಡ್ತೈತಿ, ಹೊರಗ ಕ್ಯಾಮೆರಾ ಹಿಡಿತೈತಿ. ಅವತ್ತೊಂದಿನ ಪೇಷಂಟು ಸಣ್ಣ ಕೂಸುಗಳನ್ನ ಎತ್ಕೋಬಾರ್ದು, ಅಷ್ಟಾ."

"ಆ ಔಷಧ ಮುಟ್ಟೋರು ಯಾರು?"

"ನಾನಾ ರೀ," ಅಂದ ಹುಡುಗ, ಹೆಮ್ಮೆಯಿಂದ.

ಎಲ್ಲಮ್ಮ ಕೊಡವನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿದಳು.

ಅವನು ಸ್ನಾನ ಮುಗಿಸಿ ಮಹಡಿ ಮೇಲಿನ ತನ್ನ ಬಾಡಿಗೆ ರೂಮಿನಿಂದ ಇಳಿಯುವಷ್ಟರಲ್ಲಿ ಓಣಿ ಬೇರೆಯೇ ಆಗಿತ್ತು. ಚಾದಂಗಡಿಯವನು ಚಾ ಕಟ್ಟೆಯ ಮೇಲಿಟ್ಟು ದೂರ ನಿಂತ. ಎದುರಿನ ಜೀನ್ಸ್ ಹೊಲಿಯುವ ಅಂಗಡಿಯ ಮಾರೆಣ್ಣ, ಒಣಗಲು ಹಾಕಿದ್ದ ಪ್ಯಾಂಟುಗಳನ್ನು ಶಶಿಕಾಂತನ ಅಂಗಿಯ ಪಕ್ಕದಿಂದ ಒಂದೊಂದಾಗಿ ತೆಗೆಯುತ್ತಿದ್ದ.

"ಸಿಟ್ಟಾಗಬ್ಯಾಡ ತಮ್ಮಾ. ಇದು ಹೊರಗಿನ ಊರಿಗೆ ಹೋಗೋ ಮಾಲು. ಅಲ್ಲಿ ಹೋಗಿ ಕತ್ತಲದಾಗ ಹೊಳಿಯಾಕ ಹತ್ತಿದ್ರ ಯಾರಿಗೆ ಜವಾಬು ಹೇಳ್ಲಿ?"

ಎಲ್ಲರಿಗಿಂತ ಜೋರಾಗಿದ್ದವನು ಎಲ್ಲಮ್ಮನ ಗಂಡ ದುರುಗಣ್ಣ. ಕಟ್ಟೆಯ ಮೇಲೆ ಕೂತು, ಪೇಪರಿನಿಂದ ಕಣ್ಣೆತ್ತದೆ ತೀರ್ಪು ಕೊಟ್ಟ: "ಸಂಜಿ ಒಳಗ ರೂಮು ಖಾಲಿ ಮಾಡು. ನಂದೇನಿಲ್ಲಪ್ಪ, ಮನ್ಯಾಗ ಮೊಮ್ಮಗಳು ಅದಾಳ."

ಶಶಿಕಾಂತ ಲೆಕ್ಕ ಹಾಕಿದ. ರೂಮು ಹೋದರೆ ಪರೀಕ್ಷೆಯೂ ಹೋದಂತೆ. ಔಷಧದ ಗಾಡಿ ಆಸ್ಪತ್ರೆಗೆ ಬರುವುದು ನಸುಕಿನಲ್ಲಿ, ಪರೀಕ್ಷೆ ಶುರುವಾಗುವುದೂ ಆವಾಗಲೇ. ಅವನ ಊರು ಹಚ್ಚೊಳ್ಳಿ. ಅಲ್ಲಿಂದ ಮೊದಲ ಬಸ್ಸು ಹಿಡಿದರೂ ಬಳ್ಳಾರಿ ಮುಟ್ಟುವಾಗ ಬಿಸಿಲು ಏರಿರುತ್ತದೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಮೊನ್ನೆ ರಾತ್ರಿ ಊರಿಗೆ ಹೋಗಿ, ನಿನ್ನೆ ಹಗಲೆಲ್ಲ ಅಪ್ಪನ ಜೊತೆ ಗದ್ದೆಗೆ ಕಾಲುವೆ ನೀರು ಕಟ್ಟಿ, "ಇದೊಂದು ಪರೀಕ್ಷಿ ಮುಗಿದ್ರ ನೌಕರಿನಾ" ಅಂತ ಮಾತು ಕೊಟ್ಟು ಬಂದಿದ್ದ.

ಆಸ್ಪತ್ರೆಯಲ್ಲಿ ಕಲಿಸುವ ಗೌತಮಿ ಮೇಡಮ್ ಮುಂದೆ ಗೋಳು ಹೇಳಿಕೊಂಡ. ಅವರು ವಿಕಿರಣ ಅಳೆಯುವ ಹಳೇ ಮೀಟರ್ ಒಂದನ್ನು ಕೈಗಿಟ್ಟರು. "ಮಂದಿ ಮುಂದ ನಿನ್ನ ಮೈಗೆ ಹಿಡಿದು ತೋರ್ಸು. ಅದು ಕೂಗದ ಸುಮ್ನಿದ್ರ ನೀ ಶುದ್ಧ ಅಂತ ತಿಳಕೋತಾರ. ನಾಳೆ ಬರೋವಾಗ ವಾಪಸ್ ತಗೊಂಡು ಬಾ."

ಸಂಜೆ ಕಟ್ಟೆಯ ಮುಂದೆ ಓಣಿಯೇ ನೆರೆಯಿತು. ಶಶಿಕಾಂತ ಮೀಟರನ್ನು ತಲೆಯಿಂದ ಪಾದದವರೆಗೆ ಆಡಿಸಿದ. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಅಂದು ಸುಮ್ಮನಾಯಿತು.

"ಟಿಕ್ ಅಂತಲ್ಲ?" ಅಂದ ಮಾರೆಣ್ಣ.

"ಅಷ್ಟು ಎಲ್ಲಾ ಕಡಿ ಇರ್ತೈತ್ರಿ. ಮಣ್ಣಾಗ, ಕಲ್ಲಾಗ, ನಿಮ್ಮ ಮೈಯಾಗೂ ಐತಿ."

ಮಾರೆಣ್ಣನಿಗೆ ಹಿಡಿದರೂ ಅಷ್ಟೇ. ಅವನ ಜೀನ್ಸ್ ಗಂಟಿಗೆ ಹಿಡಿದರೂ ಅಷ್ಟೇ. ಭಯ ಬಿಟ್ಟ ಜನ ಈಗ ಸಾಲುಗಟ್ಟಿದರು. ಒಬ್ಬಳು ಹಾಲಿನ ಕ್ಯಾನು ತಂದಳು, ಇನ್ನೊಬ್ಬ ಆಟೋ ತಂದು ನಿಲ್ಲಿಸಿದ, ಮೂರನೆಯವನು ಅತ್ತೆಯನ್ನು ಕರೆತಂದ. ಅತ್ತೆಯಲ್ಲೂ ಏನೂ ಸಿಗದೆ ಅವನಿಗೆ ನಿರಾಸೆಯಾಯಿತು. ಶಶಿಕಾಂತನಿಗೆ ಮಾತ್ರ ಹೋದ ಜೀವ ಬಂದಂತಾಯಿತು.

"ನೀವೂ ಹಿಡಿಸ್ಕೋರಿ," ಎಂದು ಎಲ್ಲಮ್ಮ ಗಂಡನನ್ನು ಎಬ್ಬಿಸಿದಳು.

"ನನಗ್ಯಾಕ? ಬ್ಯಾಡ," ಎಂದು ದುರುಗಣ್ಣ ಹಿಂದೆ ಸರಿದ. ಎಲ್ಲಮ್ಮ ರಟ್ಟೆ ಹಿಡಿದು ಮುಂದೆ ನೂಕಿದಳು.

ಮೀಟರು ಕಾದ ಎಣ್ಣೆಗೆ ಮಿರ್ಚಿ ಬಿಟ್ಟಂತೆ ಚರಚರ ಕೂಗಿಕೊಂಡಿತು. ಓಣಿ ಪೂರಾ ಎರಡು ಹೆಜ್ಜೆ ಹಿಂದೆ ಹೋಯಿತು.

ಶಶಿಕಾಂತ ದುರುಗಣ್ಣನನ್ನು ಪಡಸಾಲೆಯೊಳಗೆ ಕರೆದೊಯ್ದು ಮೆಲ್ಲಗೆ ಕೇಳಿದ: "ಅಣ್ಣಾರ, ನಿನ್ನೆ ಎಲ್ಲಿಗೆ ಹೋಗಿದ್ರಿ?"

"ಕುರುಗೋಡಿಗೆ. ತಂಗಿ ಮನಿಗೆ."

"ತಂಗಿ ಮನ್ಯಾಗ ಸೂಜಿ ಚುಚ್ಚಿದ್ರೇನ್ರಿ?"

ದುರುಗಣ್ಣ ಮೊಣಕೈ ಮಡಚುವಲ್ಲಿ ಅಂಟಿಸಿದ್ದ ಪಟ್ಟಿಯನ್ನು ಮುಚ್ಚಿಕೊಂಡ. ನಡೆಯುವಾಗ ಎದೆ ಹಿಡಿಯುತ್ತಿತ್ತಂತೆ. ಹುಡುಗ ಊರಿನಲ್ಲಿರುವ ದಿನ ನೋಡಿಕೊಂಡು, ಅವನ ಆಸ್ಪತ್ರೆಗೇ ಹೋಗಿ ಹೃದಯದ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದ. ಅಂಥ ದೋಷವೇನಿಲ್ಲ, ಎಣ್ಣೆಯಲ್ಲಿ ಕರಿದದ್ದು ಕಡಿಮೆ ಮಾಡಿ ಅಂದಿದ್ದರು ಡಾಕ್ಟರು.

"ನಿಮ್ಮಕ್ಕಗ ಗೊತ್ತಾದ್ರ ನಾಳಿಂದ ಮಿರ್ಚಿ ಬಂದ್, ಒಗ್ಗರಣಿ ಬಂದ್. ಬಾಯಿ ಬಿಟ್ರ ರೂಮಿಲ್ಲ ನೋಡು."

ಬೆದರಿಸುವ ಅಗತ್ಯವೇ ಇರಲಿಲ್ಲ. ಪೇಷಂಟಿನ ಗುಟ್ಟು ಹೊರಗೆ ಹಾಕಬಾರದು ಅನ್ನುವುದು ಆ ಕೋರ್ಸಿನ ಮೊದಲ ಪಾಠ.

ದುರುಗಣ್ಣ ಹೊರಗೆ ಬಂದು ಜನಕ್ಕೆ ಹೇಳಿದ: "ದಿನಾ ಈ ಹುಡುಗನ ಬಾಜೂಕ ಕುಂತು ಚಾ ಕುಡೀತಿದ್ದೆ. ಅವನಿಂದ ಜಾರಿ ನನಗ ಹತ್ತೈತಿ. ಪಾಪ, ಅವನ ತಪ್ಪಿಲ್ಲ."

ಶಶಿಕಾಂತ ತುಟಿ ಬಿಗಿಹಿಡಿದು ನಿಂತ. ಜನ ಅದನ್ನು ಒಪ್ಪಿಗೆ ಅಂತಲೇ ತಿಳಿದರು.

ಎಲ್ಲಮ್ಮ ಗಟ್ಟಿ ಹೆಂಗಸು. ಅಳಲಿಲ್ಲ, ಕರೆಯಲಿಲ್ಲ. ತುಸು ಯೋಚಿಸಿ ಹೇಳಿದಳು: "ಹುಡುಗನ್ನ ಹೊರಗ ಹಾಕಿದ್ರ ಬ್ಯಾರೆಯವರಿಗೆ ಹತ್ತಿಸ್ತಾನ. ರೂಮು ಬಿಡೋದೇನೂ ಬ್ಯಾಡ."

ಶಶಿಕಾಂತನಿಗೆ ಆಕೆಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ಇವ್ರನ್ನೂ ಕರ್ಕೊಂಡು ಮ್ಯಾಲ ನಡಿ," ಅಂದಳು ಎಲ್ಲಮ್ಮ.

ಇಬ್ಬರೂ ಮಹಡಿ ಹತ್ತಿದರು. ಹಿಂದೆಯೇ ಮೆಟ್ಟಿಲಿನ ಕಬ್ಬಿಣದ ಗೇಟು ಎಳೆದ ಸದ್ದು, ಬೀಗ ಬಿದ್ದ ಸದ್ದು ಕೇಳಿಸಿತು. ಕೆಳಗಿನಿಂದ ಎಲ್ಲಮ್ಮ ಕೂಗಿದಳು: "ಎಷ್ಟು ದಿನಕ್ಕ ಇಳಿತೈತೋ ಇದು?"

"ಅಕ್ಕಾರ, ನಾಳೆ..." ಎಂದು ಶಶಿಕಾಂತ ಬಾಯಿ ತೆರೆದ.

"ಎಂಟು ದಿನ ಬೇಕಂತ!" ಎಂದು ದುರುಗಣ್ಣ ಅವನ ತಲೆಯ ಮೇಲಿಂದ ಕೂಗಿದ. "ಹುಡುಗಾನ ಹೇಳಾಕ ಹತ್ಯಾನ."

ಶಶಿಕಾಂತ ಗೌತಮಿ ಮೇಡಮ್‌ಗೆ ಫೋನ್ ಹಚ್ಚಿದ. ಅವರು ಪೂರ್ತಿ ಕೇಳಿಸಿಕೊಂಡರು. "ಹೊರಗಿಂದ ಪರೀಕ್ಷಕರು ಬರ್ತಾರಪ್ಪ. ವಿಕಿರಣದ ವಿದ್ಯಾರ್ಥೀನ ವಿಕಿರಣಕ್ಕ ಹೆದರಿ ಬೀಗ ಹಾಕ್ಯಾರ ಅಂತ ನಾ ಅವರಿಗೆ ಯಾವ ಬಾಯಿಲೆ ಹೇಳ್ಲಿ?" ಎಂದು ಫೋನಿಟ್ಟರು.

ಅಷ್ಟರಲ್ಲಿ ದುರುಗಣ್ಣ ಬುಟ್ಟಿಗೆ ಹಗ್ಗ ಕಟ್ಟಿ ಹಿತ್ತಲ ಕಡೆಯಿಂದ ಇಳಿಬಿಟ್ಟಿದ್ದ. ಮಾರೆಣ್ಣ ದೂರ ನಿಂತೇ ಕೈ ಚಾಚಿ ತುಂಬಿಸಿ ಕಳಿಸಿದ. ಮೇಲೆ ಬಂದ ಬುಟ್ಟಿಯಿಂದ ಮಿರ್ಚಿಯ ಬಿಸಿ ಘಮ ರೂಮಿನ ತುಂಬ ಹರಡಿತು. ದುರುಗಣ್ಣ ಅಲ್ಲಿದ್ದ ಒಂದೇ ಮಂಚದ ಮೇಲೆ ಕಾಲು ಚಾಚಿ ಕೂತು, ಒಂದನ್ನು ತಾನು ಕಚ್ಚಿ ಇನ್ನೊಂದನ್ನು ಹುಡುಗನತ್ತ ಚಾಚಿದ.

"ತಿನ್ನೋ. ಮಾರಿ ಯಾಕ ಹಂಗ ಮಾಡ್ತಿ? ಮುಂದಿನ ವರ್ಷದ ಪರೀಕ್ಷಿಗೆ ಓದಾಕ ಈಗಿಂದಾನ ಪುರುಸೊತ್ತು ಸಿಕ್ತಲ್ಲ."